ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಸುವುದು: ಕಾರ್ಬನ್ ಕಾಂಪೌಂಡ್ ಮಾಡಲು ಹೊರಟವರಿಗೆ

ಗಿರಾಕಿ ಬಂದು "ಕಂಡಕ್ಟಿವ್ ಟ್ರೇಗೆ ಮಾಲು ಬೇಕು" ಅಂದರೆ ಅಷ್ಟಕ್ಕೇ ತಲೆಯಾಡಿಸಬೇಡಿ. ಎಷ್ಟು ಓಮ್ ಬೇಕು ಅಂತ ಕೇಳಿ. ಯಾವ ಮೀಟರಿನಲ್ಲಿ ಅಳೆಯುತ್ತಾರೆ, ಟ್ರೇಯ ಯಾವ ಜಾಗದಲ್ಲಿ ಅಳೆಯುತ್ತಾರೆ ಅಂತಲೂ ಕೇಳಿ. ಉತ್ತರವನ್ನು ಬರೆಸಿಕೊಳ್ಳಿ. ಆಮೇಲೆ ಮಾಲು ಸುರಿಯುವ ಹಾಪರ್ ಹತ್ತಿರ ಹೋಗಿ.

ನಾನು ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಕಾಂಪೌಂಡಿಂಗ್ ಘಟಕ ನಡೆಸುತ್ತೇನೆ, ಅಂದರೆ ಪ್ಲಾಸ್ಟಿಕ್ ಕರಗಿಸಿ, ಬೇಕಾದ್ದು ಬೆರೆಸಿ, ಮತ್ತೆ ಕಾಳು (ಗ್ರ್ಯಾನ್ಯೂಲ್) ಮಾಡುವ ಕೆಲಸ. ಮೊದಲೆಲ್ಲ ಪೈಪಿಗೆ, ಕುರ್ಚಿಗೆ ಬಣ್ಣದ ಮಾಸ್ಟರ್‌ಬ್ಯಾಚ್, ಅಂದರೆ ಬಣ್ಣ ದಟ್ಟವಾಗಿ ಬೆರೆಸಿದ ಕಾಳು, ಮಾಡಿಕೊಂಡಿದ್ದೆವು. ನರಸಾಪುರ, ವೇಮಗಲ್ ಕಡೆ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಬಂದವು ನೋಡಿ, ಕರಿ ಟ್ರೇ, ಕರಿ ಬಿನ್ ಕೇಳುವವರು ಜಾಸ್ತಿಯಾದರು. ಈಗ ಅಕ್ಕಪಕ್ಕದ ಶೆಡ್‌ಗಳಿಂದ ಹುಡುಗರು ಬಂದು "ಅಕ್ಕಾ, ನಾವೂ ಮಾಡೋಣ ಅಂತಿದೀವಿ, ಎಷ್ಟು ಪರ್ಸೆಂಟ್ ಕಾರ್ಬನ್ ಹಾಕಬೇಕು?" ಅಂತ ಕೇಳುತ್ತಾರೆ. ಪರ್ಸೆಂಟ್ ಹೇಳುವುದು ಸುಲಭ. ಆದರೆ ಈ ಕೆಲಸದಲ್ಲಿ ಎಷ್ಟು ಹಾಕಿದೆ ಅನ್ನುವುದಕ್ಕಿಂತ, ಹಾಕಿದ್ದು ಒಳಗೆ ಹೇಗೆ ಕೂತಿದೆ ಅನ್ನುವುದೇ ದೊಡ್ಡದು. ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಉದಾಹರಣೆಗೆ ಪಾಲಿಪ್ರೊಪಿಲೀನ್, ಅಂದರೆ ಪಿಪಿ ತೆಗೆದುಕೊಂಡಿದ್ದೇನೆ. ನಮ್ಮ ಕಡೆ ಟ್ರೇ, ಬಿನ್ ಎಲ್ಲ ಜಾಸ್ತಿ ಅದರಲ್ಲೇ ಆಗುವುದು.

ಓಮ್ ಲೆಕ್ಕ

ಬರೀ ಪಿಪಿ ಕರೆಂಟನ್ನು ಬಿಡುವುದೇ ಇಲ್ಲ. ಅದರ ಮೇಲೆ ಕೂತ ಸ್ಟ್ಯಾಟಿಕ್ ಚಾರ್ಜ್ ಅಲ್ಲೇ ಕೂತಿರುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಮ್ಮ ಕೋಲಾರ ಸೀಮೆಯ ಗಾಳಿ ಒಣಗಿರುತ್ತದೆ. ಆಗ ಪಾಲಿಯೆಸ್ಟರ್ ಸೀರೆ ಮಡಿಸುವಾಗ ಚಟಚಟ ಅನ್ನುತ್ತದಲ್ಲ, ಅದೇ ಚಾರ್ಜ್. ನಮ್ಮ ಬೆರಳಿಗೆ ಚುರ್ ಅನ್ನಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಕೆಲವು ನಾಜೂಕು ಚಿಪ್‌ಗಳು 100 ವೋಲ್ಟಿಗೂ ಕಡಿಮೆಯಲ್ಲೇ ಸತ್ತುಹೋಗುತ್ತವೆ. ನಮಗೆ ಗೊತ್ತೂ ಆಗುವುದಿಲ್ಲ. ಅದಕ್ಕೇ ಈ ಟ್ರೇಗಳು.

ಸ್ಟ್ಯಾಟಿಕ್ ಚಾರ್ಜ್ ಹಾರುವುದಕ್ಕೆ ಇಎಸ್‌ಡಿ ಅನ್ನುತ್ತಾರೆ. ಅಮೆರಿಕದ ಇಎಸ್‌ಡಿ ಅಸೋಸಿಯೇಷನ್ನಿನ ಎಸ್541 ಅನ್ನುವ ಮಾನದಂಡವನ್ನು ದೊಡ್ಡ ಕಾರ್ಖಾನೆಗಳು ಹಿಡಿಯುತ್ತವೆ. ಅದರ ಪ್ರಕಾರ ಮೇಲ್ಮೈ ರೆಸಿಸ್ಟೆನ್ಸ್, ಅಂದರೆ ಮೇಲ್ಮೈ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ, 10⁴ ಓಮ್‌ಗಿಂತ ಕಡಿಮೆ ಇದ್ದರೆ ಕಂಡಕ್ಟಿವ್. 10⁴ರಿಂದ 10¹¹ರ ಒಳಗಿದ್ದರೆ ಡಿಸಿಪೇಟಿವ್. ಅದರ ಮೇಲಕ್ಕೆ ಹೋದರೆ ಇನ್ಸುಲೇಟರ್. ಡಿಸಿಪೇಟಿವ್ ಅಂದರೆ ಚಾರ್ಜ್ ಒಮ್ಮೆಲೇ ಹಾರದೆ ನಿಧಾನವಾಗಿ ಇಳಿದುಹೋಗಬೇಕು ಅಂತ.

ಇಲ್ಲೇ ಒಂದು ಮಾತು. ಗಿರಾಕಿ 10⁶ರಿಂದ 10⁹ರ ನಡುವೆ ಬೇಕು, ಕಾರ್ಬನ್ ಬ್ಲ್ಯಾಕಿನಲ್ಲೇ (ಮಸಿಯಂಥ ಕಾರ್ಬನ್ ಪುಡಿಯಲ್ಲೇ) ಮಾಡಿಕೊಡಿ ಅಂದರೆ ಅವಸರದಲ್ಲಿ ಒಪ್ಪಬೇಡಿ. 10³ರಿಂದ 10⁵ ಕೊಡುವುದು ಕಾರ್ಬನ್ ಬ್ಲ್ಯಾಕಿಗೆ ಸಲೀಸು. ನಡುವಿನ ಆ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಅಂಥವರಿಗೆ ಕರೆಂಟನ್ನು ತಾನೇ ಇಳಿಸುವ ಬೇರೆ ಜಾತಿಯ ಪಾಲಿಮರ್ ಬೆರೆಸುತ್ತಾರೆ, ಅದು ಬೇರೆ ಕಸುಬು. ಬಣ್ಣ ಬಣ್ಣದ ಟ್ರೇ ಬೇಕು ಅನ್ನುವವರಿಗೂ ಅದೇ ದಾರಿ. ಕಾರ್ಬನ್ ಹಾಕಿದರೆ ಕರಿ ಬಣ್ಣ ಒಂದೇ.

ಮೊದಲು ಅಳೆಯುವ ಸಾಮಾನು ಕೊಳ್ಳಿ. ಮಲ್ಟಿಮೀಟರಿನ ಎರಡು ಚೂಪು ಕಡ್ಡಿ ಚುಚ್ಚಿ ಓದುವುದು ಸುಮ್ನೆ ಸಮಾಧಾನಕ್ಕೆ. ಒತ್ತಿದ ಹಾಗೆಲ್ಲ ಅಂಕಿ ಬದಲಾಗುತ್ತದೆ. ವೃತ್ತಾಕಾರದ ಎಲೆಕ್ಟ್ರೋಡ್ ಇರುವ ಮೇಲ್ಮೈ ರೆಸಿಸ್ಟೆನ್ಸ್ ಮೀಟರ್ ಸಿಗುತ್ತದೆ. ಎಲೆಕ್ಟ್ರೋಡಿನ ತೂಕವೇ 2.27 ಕೆಜಿ ಇರುತ್ತದೆ, ಹಾಗಾಗಿ ಕೈ ಒತ್ತಡದ ತಕರಾರಿಲ್ಲ. ರೆಸಿಸ್ಟೆನ್ಸ್ ಕಡಿಮೆ ಇದ್ದಾಗ 10 ವೋಲ್ಟ್, 10⁶ ದಾಟಿದರೆ 100 ವೋಲ್ಟ್ ಹಾಕಿ ಓದುತ್ತಾರೆ. ಅದನ್ನು ಕೊಳ್ಳುವ ತನಕ ಹೀಗೆ ಮಾಡಿ: ತಟ್ಟೆಯಂಥ ಒಂದು ತುಂಡಿನ ಮೇಲೆ ಎರಡು ಸಮಾನಾಂತರ ಪಟ್ಟಿ ಸಿಲ್ವರ್ ಪೇಂಟ್ ಹಚ್ಚಿ. ಪಟ್ಟಿಯ ಉದ್ದ ಎಷ್ಟೋ, ಎರಡರ ನಡುವಿನ ಅಂತರವೂ ಅಷ್ಟೇ ಇರಲಿ. ಒಣಗಿದ ಮೇಲೆ ಮಲ್ಟಿಮೀಟರನ್ನು ಆ ಪಟ್ಟಿಗಳಿಗೆ ತಾಗಿಸಿ ಓದಿ. ಒಂದು ಚೌಕಕ್ಕೆ ಇಷ್ಟು ಓಮ್ ಅನ್ನುವ ಲೆಕ್ಕ ನೇರವಾಗಿ ಸಿಗುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಇರುವ 500 ವೋಲ್ಟಿನ ಮೆಗ್ಗರ್ ತಂದು ಇಡಬೇಡಿ. ಅಷ್ಟು ವೋಲ್ಟೇಜಿಗೆ ತುಂಡಿನ ನಡತೆಯೇ ಬೇರೆ, ಕೆಲವೊಮ್ಮೆ ತಾಗಿದ ಜಾಗ ಸುಟ್ಟೂ ಹೋಗುತ್ತದೆ.

ಯಾವ ಕಾರ್ಬನ್

ಟೈರಿಗೆ ಹಾಕುವ ಕಾರ್ಬನ್ ಬ್ಲ್ಯಾಕ್, ಬಣ್ಣಕ್ಕೆ ಹಾಕುವ ಕಾರ್ಬನ್ ಬ್ಲ್ಯಾಕ್, ಕರೆಂಟಿಗೆ ಹಾಕುವ ಕಾರ್ಬನ್ ಬ್ಲ್ಯಾಕ್ ಬೇರೆ ಬೇರೆ. ಕಣ್ಣಿಗೆ ಎಲ್ಲವೂ ಒಂದೇ ಮಸಿ. ವ್ಯತ್ಯಾಸ ಅದರ ಕಣ ಕೂಡಿಕೊಂಡಿರುವ ಆಕಾರದಲ್ಲಿದೆ. ಕಣಗಳು ಕೊಂಬೆಕೊಂಬೆಯಾಗಿ ಚಾಚಿಕೊಂಡಿದ್ದರೆ ಒಂದಕ್ಕೊಂದು ಬೇಗ ತಾಗುತ್ತವೆ. ಇದಕ್ಕೆ 'ಸ್ಟ್ರಕ್ಚರ್' ಅನ್ನುತ್ತಾರೆ. ಸಪ್ಲೈಯರ್ ಕೊಡುವ ಹಾಳೆಯಲ್ಲಿ ಎಣ್ಣೆ ಹೀರುವ ಸಂಖ್ಯೆ ಅಂತ ಒಂದಿರುತ್ತದೆ, 100 ಗ್ರಾಮಿಗೆ ಇಷ್ಟು ಮಿಲಿ ಅಂತ. ನೀವು ಮೊದಲು ನೋಡಬೇಕಾದ್ದು ಅದನ್ನೇ. ಟೈರಿನ ಎನ್330 ಗ್ರೇಡಿಗೆ ಅದು 100ರ ಆಸುಪಾಸು. ವಲ್ಕನ್ ಎಕ್ಸ್‌ಸಿ72 ಥರದ ಕಂಡಕ್ಟಿವ್ ಗ್ರೇಡಿಗೆ 170ರ ಮೇಲೆ. ಕೆಟ್ಜೆನ್‌ಬ್ಲ್ಯಾಕ್ ಇಸಿ-600ಜೆಡಿ ಅನ್ನುವುದಕ್ಕೆ 500ರ ಹತ್ತಿರ. ಸಂಖ್ಯೆ ಏರಿದ ಹಾಗೆ ಹಾಕಬೇಕಾದ ಪರ್ಸೆಂಟ್ ಇಳಿಯುತ್ತದೆ, ಕಿಲೋ ಬೆಲೆ ಏರುತ್ತದೆ. ಹೊಸಬರು ಮಧ್ಯದ ಗ್ರೇಡಿನಿಂದ ಶುರು ಮಾಡುವುದು ಒಳ್ಳೆಯದು.

ಕಾರ್ಬನ್ ನ್ಯಾನೋಟ್ಯೂಬ್ ತುಂಬಾ ಕಡಿಮೆ ಸಾಕು, ನೂರಕ್ಕೆ ಎರಡು ಮೂರರಲ್ಲೇ ಕೆಲಸವಾಗುತ್ತದೆ. ಆದರೆ ಅದರ ಪುಡಿಯನ್ನು ಸಣ್ಣ ಶೆಡ್ಡಿನಲ್ಲಿ ಬಿಚ್ಚುವುದು ನನಗೆ ಸರಿ ಕಾಣುವುದಿಲ್ಲ. ಬೇಕಾದರೆ ಮಾಸ್ಟರ್‌ಬ್ಯಾಚ್ ರೂಪದಲ್ಲಿ ತನ್ನಿ. ಕತ್ತರಿಸಿದ ಕಾರ್ಬನ್ ಫೈಬರ್ ಹಾಕಿದರೆ ಕರೆಂಟ್ ಜೊತೆಗೆ ಗಟ್ಟಿತನವೂ ಬರುತ್ತದೆ. ಮೀಟರ್ ಪೆಟ್ಟಿಗೆ, ಕಂಟ್ರೋಲರ್ ಪೆಟ್ಟಿಗೆಗಳಲ್ಲಿ ರೇಡಿಯೋ ಅಲೆ ತಡೆಯಲು ಅದನ್ನು ಹಾಕುತ್ತಾರೆ. 6 ಮಿಮೀ ಉದ್ದದ ಎಳೆ ಮಾಲು ಬೆರೆಸುವ ಮೆಷಿನ್ನಿನ ಸ್ಕ್ರೂ ಒಳಗಿಂದ ಹೊರಗೆ ಬರುವಷ್ಟರಲ್ಲಿ ಅರ್ಧ ಮಿಮೀ ಕೂಡ ಉಳಿದಿರುವುದಿಲ್ಲ, ಅದು ನೆನಪಿರಲಿ. ಗ್ರಾಫೈಟ್ ಇನ್ನೊಂದು. ಶಾಖ ಸಾಗಿಸಲು ಒಳ್ಳೆಯದು, ಟ್ರೇ ಕೆಲಸಕ್ಕೆ ನಾನು ಮುಟ್ಟುವುದಿಲ್ಲ.

ಎಷ್ಟು ಹಾಕಬೇಕು

ಮಾಲೂರಲ್ಲಿ ಇಟ್ಟಿಗೆ ಗೂಡು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಲಾರಿಯಿಂದ ಗೂಡಿನವರೆಗೆ ಆಳುಗಳು ಸಾಲಾಗಿ ನಿಂತು ಇಟ್ಟಿಗೆ ಕೈಯಿಂದ ಕೈಗೆ ದಾಟಿಸುತ್ತಾರೆ. ಮಧ್ಯದಲ್ಲಿ ಒಬ್ಬ ಇಲ್ಲದಿದ್ದರೆ ಒಂದು ಇಟ್ಟಿಗೆಯೂ ಆ ಕಡೆ ತಲುಪುವುದಿಲ್ಲ. ಆ ಒಬ್ಬ ಬಂದು ನಿಂತ ಕೂಡಲೇ ಸಾಲು ಹರಿಯುತ್ತದೆ. ಕಾರ್ಬನ್ ಕಣಗಳೂ ಹಾಗೇ. ಕಡಿಮೆ ಇದ್ದಾಗ ಅಲ್ಲೊಂದು ಇಲ್ಲೊಂದು ಗುಂಪು, ಪ್ಲಾಸ್ಟಿಕ್ ಪ್ಲಾಸ್ಟಿಕ್ಕಾಗಿಯೇ ಇರುತ್ತದೆ. ಒಂದು ಮಟ್ಟ ತಲುಪಿದಾಗ ಈ ಕಡೆಯಿಂದ ಆ ಕಡೆಗೆ ಸರಪಳಿ ಕೂಡಿಕೊಳ್ಳುತ್ತದೆ. ರೆಸಿಸ್ಟೆನ್ಸ್ ಧಡಾರನೆ ಬೀಳುತ್ತದೆ. ಈ ಮಟ್ಟಕ್ಕೆ ಪರ್ಕೋಲೇಷನ್ ಮಿತಿ ಅನ್ನುತ್ತಾರೆ. 1970ರಲ್ಲಿ ಶೆರ್, ಝಾಲೆನ್ ಅನ್ನುವವರು ಗುಂಡು ಕಣಗಳಿಗೆ ಇದು ಗಾತ್ರದಲ್ಲಿ ಸುಮಾರು 16 ಪರ್ಸೆಂಟ್ ಅಂತ ಲೆಕ್ಕ ಹಾಕಿದ್ದರು. ಕೊಂಬೆ ಚಾಚಿದ ಕಣಗಳಿಗೆ ಅಷ್ಟೂ ಬೇಡ.

ಗಾತ್ರದ ಲೆಕ್ಕ, ತೂಕದ ಲೆಕ್ಕ ಬೆರೆಸಬೇಡಿ. ಕಾರ್ಬನ್ ಬ್ಲ್ಯಾಕಿನ ಸಾಂದ್ರತೆ ಸುಮಾರು 1.8, ಪಿಪಿದು 0.9. ತೂಕದಲ್ಲಿ 20 ಪರ್ಸೆಂಟ್ ಹಾಕಿದರೆ ಗಾತ್ರದಲ್ಲಿ ಅದು 11 ಪರ್ಸೆಂಟ್ ಮಾತ್ರ. ಗ್ರೇಡ್ ಬದಲಿಸುವಾಗ, ಪಿಪಿ ಬಿಟ್ಟು ಎಬಿಎಸ್ ಅಥವಾ ನೈಲಾನಿಗೆ ಹೋಗುವಾಗ ಇದು ಬೇಕಾಗುತ್ತದೆ.

ಈಗ ಟ್ರಯಲ್. ತೂಕದಲ್ಲಿ 12ರಿಂದ 24ರವರೆಗೆ ಎರಡೆರಡು ಪರ್ಸೆಂಟ್ ಏರಿಸುತ್ತಾ ಸಣ್ಣ ಸಣ್ಣ ಬ್ಯಾಚ್ ಮಾಡಿ. ಟೆಂಪರೇಚರ್, ಸ್ಪೀಡ್, ಸಮಯ ಯಾವುದನ್ನೂ ಬದಲಿಸಬೇಡಿ. ಪ್ರತಿ ಬ್ಯಾಚಿನಿಂದ ತಟ್ಟೆ ಮಾಡಿ ಅಳೆದು ಗ್ರಾಫ್ ಹಾಳೆಯಲ್ಲಿ ಬರೆಯಿರಿ. ರೆಸಿಸ್ಟೆನ್ಸನ್ನು ಸೊನ್ನೆಗಳ ಲೆಕ್ಕದಲ್ಲಿ ಬರೆಯಿರಿ, ಇಲ್ಲದಿದ್ದರೆ ಹಾಳೆ ಸಾಲುವುದಿಲ್ಲ. ಶುರುವಿನಲ್ಲಿ ಗೆರೆ ಮೇಲೇ ಮಲಗಿರುತ್ತದೆ. ಆಮೇಲೆ ಒಂದೆರಡು ಹೆಜ್ಜೆಯಲ್ಲಿ ಐದಾರು ಸೊನ್ನೆ ಉದುರಿಹೋಗುತ್ತವೆ. ಆಮೇಲೆ ಮತ್ತೆ ಕೆಳಗೆ ಮಲಗುತ್ತದೆ.

ನಿಮ್ಮ ರೆಸಿಪಿ ಆ ಕೆಳಗಿನ ಸಮತಟ್ಟಿನಲ್ಲಿ, ಇಳಿಜಾರು ಮುಗಿದು ಎರಡು ಮೂರು ಪರ್ಸೆಂಟ್ ಆಚೆಗೆ ಇರಬೇಕು. ಇಳಿಜಾರಿನ ಮೇಲೆ ಎಂದೂ ನಿಲ್ಲಬೇಡಿ. ಫೀಡರ್ ಅರ್ಧ ಪರ್ಸೆಂಟ್ ಹೆಚ್ಚುಕಡಿಮೆ ಮಾಡಿದರೆ ಸಮತಟ್ಟಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ಅದೇ ಅರ್ಧ ಪರ್ಸೆಂಟಿಗೆ ಹತ್ತು ಪಟ್ಟು, ನೂರು ಪಟ್ಟು ವ್ಯತ್ಯಾಸ ಬರುತ್ತದೆ. 10⁶ರಿಂದ 10⁹ ಕೇಳುವ ಗಿರಾಕಿ ನಿಮ್ಮನ್ನು ನಿಲ್ಲಿಸುವುದು ಸರಿಯಾಗಿ ಆ ಇಳಿಜಾರಿನ ಮೇಲೇ.

ಕಾರ್ಬನ್ ಉಳಿಸುವ ಒಂದು ಜಾಣತನವಿದೆ. ಪಿಪಿಗೆ ಎಚ್‌ಡಿಪಿಇ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಸ್ವಲ್ಪ ಬೆರೆಸಿದರೆ ಎರಡೂ ಒಳಗೆ ಬೇರೆ ಬೇರೆಯೇ ಉಳಿಯುತ್ತವೆ. ಕಾರ್ಬನ್ ಹೋಗಿ ಎಚ್‌ಡಿಪಿಇ ಭಾಗದಲ್ಲೇ ಕೂರುತ್ತದೆ. ಎಚ್‌ಡಿಪಿಇ ಎಡೆಬಿಡದೆ ಹಬ್ಬಿಕೊಂಡಿದ್ದರೆ ಕಡಿಮೆ ಕಾರ್ಬನ್ನಿಗೇ ಸರಪಳಿ ಕೂಡುತ್ತದೆ. ಜಪಾನಿನ ಸುಮಿತಾ ಮತ್ತು ಜೊತೆಯವರು 1991ರಲ್ಲಿ ಇದನ್ನು ತೋರಿಸಿದರು. ಮೊದಲ ರೆಸಿಪಿ ನೆಟ್ಟಗಾದ ಮೇಲೆ ಇದನ್ನು ಕೈಗೆತ್ತಿಕೊಳ್ಳಿ, ಅದಕ್ಕೆ ಮುಂಚೆ ಬೇಡ.

ಬೆರೆಸುವುದು

ಕಾರ್ಬನ್ ಹಾಕಿದ ಮೇಲೆ ಕರಗಿದ ಮಾಲು ದಪ್ಪವಾಗುತ್ತದೆ, ಹರಿಯುವುದು ಕಡಿಮೆಯಾಗುತ್ತದೆ. ಹಾಗಾಗಿ ಮೂಲ ಪಿಪಿ ಚೆನ್ನಾಗಿ ಹರಿಯುವಂಥದ್ದಿರಲಿ, ಹರಿಯುವ ಅಳತೆ ಎಂಎಫ್‌ಐ 20ರಿಂದ 40ರ ಒಳಗೆ. ಮಂಗಳೂರಿನ ಎಂಆರ್‌ಪಿಎಲ್ ಪಿಪಿ ಮಾಡುತ್ತದೆ, ಬೇರೆಯವರದ್ದೂ ಸಿಗುತ್ತದೆ. ಟ್ರೇ ಬಿದ್ದರೆ ಒಡೆಯಬಾರದು ಅಂದರೆ ಕೋಪಾಲಿಮರ್ ಗ್ರೇಡ್ ತೆಗೆದುಕೊಳ್ಳಿ. ಜೊತೆಗೆ ಸ್ವಲ್ಪ ರಬ್ಬರ್ ಗುಣದ ಎಲಾಸ್ಟೋಮರ್ ಬೇಕು, ಯಾಕೆಂದರೆ ಕಾರ್ಬನ್ ಜಾಸ್ತಿಯಾದ ಹಾಗೆ ಪಿಪಿ ಬಿರುಸಾಗುತ್ತದೆ. ಆಂಟಿ ಆಕ್ಸಿಡೆಂಟ್ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಹಾಕಿ. ಕಾರ್ಬನ್ ಅದನ್ನೂ ಸ್ವಲ್ಪ ಹೀರಿಕೊಂಡು ಕೂರುತ್ತದೆ.

ಕಾರ್ಬನ್ ಬ್ಲ್ಯಾಕ್ ಗಾಳಿಯ ತೇವ ಹಿಡಿಯುತ್ತದೆ. ಮೂಟೆ ಬಿಚ್ಚಿದ್ದು ಉಳಿದರೆ ಬಾಯಿ ಕಟ್ಟಿ. ಬಳಸುವ ಮುಂಚೆ 100 ಡಿಗ್ರಿಯ ಹತ್ತಿರ ಎರಡು ಮೂರು ಗಂಟೆ ಒಣಗಿಸಿ.

ಎರಡು ಸ್ಕ್ರೂ ಇರುವ ಟ್ವಿನ್ ಸ್ಕ್ರೂ ಮೆಷಿನ್ ಇದ್ದರೆ ಪಿಪಿಯನ್ನು ಮುಖ್ಯ ಹಾಪರಿಗೆ ಹಾಕಿ, ಕಾರ್ಬನ್ನನ್ನು ಪಕ್ಕದ ಫೀಡರಿನಿಂದ ಕೊಡಿ. ಅಷ್ಟರಲ್ಲಿ ಪಿಪಿ ಕರಗಿರಬೇಕು. ಎರಡನ್ನೂ ಒಟ್ಟಿಗೆ ಮುಂದಿನಿಂದ ನೂಕಿದರೆ ಕರಗದ ಗ್ರ್ಯಾನ್ಯೂಲ್‌ಗಳ ನಡುವೆ ಕಾರ್ಬನ್ ಅರೆದುಹೋಗುತ್ತದೆ, ನೀವು ದುಡ್ಡು ಕೊಟ್ಟು ತಂದ ಕೊಂಬೆಗಳು ಮುರಿಯುತ್ತವೆ. ಬ್ಯಾರೆಲ್ 190ರಿಂದ 220 ಡಿಗ್ರಿ ಸಾಕು. ಕೊನೆಯ ಕಡೆ ವೆಂಟ್ ತೆರೆದು ವ್ಯಾಕ್ಯೂಮ್ ಎಳೆಯಿರಿ, ಪುಡಿಯ ಜೊತೆ ಬಂದ ಗಾಳಿ ಹೊರಗೆ ಹೋಗಬೇಕು.

ಟ್ವಿನ್ ಸ್ಕ್ರೂ ಎಲ್ಲರ ಹತ್ತಿರ ಇರುವುದಿಲ್ಲ. ಹಿಟ್ಟು ನಾದಿದ ಹಾಗೆ ಮಾಲು ನಾದುವ ನೀಡರ್ ಮತ್ತು ಸಿಂಗಲ್ ಸ್ಕ್ರೂ ಇಟ್ಟುಕೊಂಡೂ ಮಾಡಬಹುದು. ಮೊದಲು ಪಿಪಿ ಪೂರ್ತಿ ಕರಗಲಿ. ಆಮೇಲೆ ಕಾರ್ಬನ್ನನ್ನು ಎರಡು ಮೂರು ಕಂತಿನಲ್ಲಿ ಹಾಕಿ. ಇಲ್ಲಿ ಆಪರೇಟರ್ ಜೊತೆ ಜಗಳ ಗ್ಯಾರಂಟಿ. ನಮ್ಮಲ್ಲಿ ಬಣ್ಣದ ಮಾಸ್ಟರ್‌ಬ್ಯಾಚ್ ಮಾಡಿ ಪಳಗಿದ ಹಿರಿಯರೊಬ್ಬರಿದ್ದಾರೆ. ಅವರ ಮಾತು ಯಾವಾಗಲೂ ಒಂದೇ: "ಇನ್ನೊಂದ್ ಹತ್ ನಿಮಿಷ ತಿರುಗ್ಲಿ ಬಿಡಮ್ಮ, ನುಣ್ಣಗಾಗ್ಲಿ." ಬಣ್ಣಕ್ಕೆ ಅದು ನೂರಕ್ಕೆ ನೂರು ಸರಿ. ಕಣ ಎಷ್ಟು ಬಿಡಿಬಿಡಿಯಾದರೆ ಅಷ್ಟು ಒಳ್ಳೆಯ ಕಪ್ಪು. ಕರೆಂಟಿಗೆ ಹಾಗಲ್ಲ. ಗಂಟುಗಳು ಒಡೆದು ಹರಡಬೇಕು, ಆದರೆ ಕಣಗಳು ಒಂದರಿಂದೊಂದು ಪೂರ್ತಿ ದೂರವಾಗಬಾರದು. ಪ್ರತಿ ಕಣದ ಸುತ್ತ ಪ್ಲಾಸ್ಟಿಕ್ ಪೊರೆ ಕಟ್ಟಿಕೊಂಡರೆ ಸರಪಳಿ ಕಡಿದುಹೋಯಿತು ಅಂತ ಲೆಕ್ಕ.

ಹಾಗಾದರೆ ಎಷ್ಟು ಹೊತ್ತು? ಇದನ್ನು ನಿಮ್ಮ ಮೆಷಿನ್ನೇ ಹೇಳಬೇಕು. ಒಂದು ಬ್ಯಾಚ್ ಓಡುವಾಗ ಎರಡೆರಡು ನಿಮಿಷಕ್ಕೊಮ್ಮೆ ಉಂಡೆಯಷ್ಟು ಮಾಲು ತೆಗೆದು ತಟ್ಟೆ ಒತ್ತಿ ಇಡಿ, ಎಲ್ಲವನ್ನೂ ಅಳೆಯಿರಿ. ಮೊದಲು ರೆಸಿಸ್ಟೆನ್ಸ್ ಇಳಿಯುತ್ತಾ ಬರುತ್ತದೆ, ತಳ ಮುಟ್ಟುತ್ತದೆ, ಆಮೇಲೆ ಮೆಲ್ಲಗೆ ಏರತೊಡಗುತ್ತದೆ. ತಳ ಮುಟ್ಟಿದ ಹೊತ್ತೇ ನಿಮ್ಮ ಸಮಯ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ನೀಡರ್ ಮೇಲೆ ಅಂಟಿಸಿ. ನಮ್ಮ ಹಿರಿಯರು ಮೀಟರ್ ಓದಿದ ಮೇಲೇ ಒಪ್ಪಿದ್ದು, ನನ್ನ ಮಾತಿಗಲ್ಲ.

ಓಡುವಾಗ ಕರೆಂಟ್ ಹೋದರೆ, ನಮ್ಮಲ್ಲಿ ಅದೇನು ಹೊಸದಲ್ಲ, ಮತ್ತೆ ಶುರು ಮಾಡಿದಾಗ ಬರುವ ಮೊದಲ ಮಾಲನ್ನು ಬೇರೆ ಇಡಿ. ಮೆಷಿನ್ನಿನಿಂದ ಹೊರಬರುವ ಮಾಲಿನ ಎಳೆ ತಣಿಸುವ ತೊಟ್ಟಿಯ ನೀರಿನ ಮೇಲೂ ಗಮನ ಇರಲಿ. ಕೋಲಾರದ ಬೋರ್‌ವೆಲ್ ನೀರು ಗಡಸು. ಕರಿ ಎಳೆಯ ಮೇಲೆ ಬಿಳಿ ಪುಡಿ ಕೂತು ಗ್ರ್ಯಾನ್ಯೂಲ್ ಬೂದಿ ಬಳಿದ ಹಾಗೆ ಕಂಡರೆ ಗಿರಾಕಿ ಮುಖ ಸಿಂಡರಿಸುತ್ತಾನೆ. ಸಾಫ್ಟ್‌ನರ್ ಹಾಕಿಸಿ.

ಮಸಿಯ ಕಾಟ

ಈ ಪುಡಿ ಎಲ್ಲೆಲ್ಲೂ ನುಗ್ಗುತ್ತದೆ. ಬಟ್ಟೆಗೆ ಹತ್ತುವುದು ಸಣ್ಣ ಮಾತು. ಇದು ಕರೆಂಟ್ ಹರಿಸುವ ಪುಡಿ, ನೆನಪಿರಲಿ. ಕಂಟ್ರೋಲ್ ಪ್ಯಾನೆಲ್ ಒಳಗೆ ಹೋಗಿ ಕೂತರೆ ಶಾರ್ಟ್ ಆಗುತ್ತದೆ. ಕಾರ್ಬನ್ ಫೈಬರ್ ಇನ್ನೂ ಮೋಸ, ಕೂದಲಿನಂಥ ಒಂದು ಎಳೆ ಎರಡು ಟರ್ಮಿನಲ್ ನಡುವೆ ಬಿದ್ದರೂ ಸಾಕು. ಪ್ಯಾನೆಲ್ ಬಾಗಿಲಿಗೆ ರಬ್ಬರ್ ಸೀಲ್ ಹಾಕಿಸಿ, ಫಿಲ್ಟರ್ ಇಟ್ಟು ಒಳಗಿನಿಂದ ಗಾಳಿ ಹೊರಗೆ ತಳ್ಳುವ ಹಾಗೆ ಮಾಡಿ. ಸಾಧ್ಯವಾದರೆ ಪ್ಯಾನೆಲನ್ನೇ ಬೇರೆ ಕೋಣೆಗೆ ಸಾಗಿಸಿ.

ಪೊರಕೆ ಹಿಡಿಯಬೇಡಿ, ವ್ಯಾಕ್ಯೂಮ್ ಕ್ಲೀನರ್ ಬಳಸಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಕಾರ್ಬನ್ ಬ್ಲ್ಯಾಕನ್ನು 2ಬಿ ಗುಂಪಿನಲ್ಲಿ ಇಟ್ಟಿದೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ. ಮೂಟೆ ಬಿಚ್ಚುವವರಿಗೆ ಎನ್95 ಮಾಸ್ಕ್ ಕಡ್ಡಾಯ, ಕರ್ಚೀಫ್ ಕಟ್ಟಿಕೊಂಡರೆ ನಡೆಯುವುದಿಲ್ಲ. ಪುಡಿಯ ಬದಲು ಮಣಿ ರೂಪದ ಕಾರ್ಬನ್ ಬ್ಲ್ಯಾಕ್ ತರಿಸಿ, ಅರ್ಧ ಧೂಳು ಅಲ್ಲೇ ಕಡಿಮೆ. ಬಿಳಿ ಮಾಲು ಮಾಡುವ ಲೈನಿನಲ್ಲಿ ಇದನ್ನು ಓಡಿಸುವ ಆಸೆ ಬಿಟ್ಟುಬಿಡಿ.

ಮೋಲ್ಡಿಂಗ್‌ನಲ್ಲಿ ಕೆಡುವುದು

ಒಳ್ಳೆಯ ಮಾಲು ಕಳಿಸಿದರೂ ಟ್ರೇ ಕೆಡಬಹುದು. ಇಂಜೆಕ್ಷನ್ ಸ್ಪೀಡ್ ಜಾಸ್ತಿ ಇಟ್ಟರೆ ಮಾಲು ಮೋಲ್ಡಿನ ಗೋಡೆಗೆ ಉಜ್ಜಿಕೊಂಡು ಹೋಗುತ್ತದೆ. ಸರಪಳಿ ಎಳೆದುಹೋಗುತ್ತದೆ, ಮೇಲ್ಮೈಯಲ್ಲಿ ಕಾರ್ಬನ್ ಕಡಿಮೆ ಇರುವ ತೆಳು ಚರ್ಮ ಉಳಿಯುತ್ತದೆ. ಮೀಟರ್ ಇಡುವುದು ಆ ಚರ್ಮದ ಮೇಲೇ ಅಲ್ವಾ. ಮಾಲು ಮೋಲ್ಡಿನೊಳಗೆ ನುಗ್ಗುವ ಬಾಯಿ, ಅಂದರೆ ಗೇಟ್ ಹತ್ತಿರ ಒಂದು ಅಂಕಿ, ಮೂಲೆಯಲ್ಲಿ ಇನ್ನೊಂದು ಅಂಕಿ ಬಂದರೆ ಇದೇ ಕಾಯಿಲೆ. ಮದ್ದು ಗೊತ್ತಿರುವಂಥದ್ದೇ: ಸ್ಪೀಡ್ ಇಳಿಸಿ, ಮಾಲಿನ ಬಿಸಿ ಏರಿಸಿ, ಮೋಲ್ಡನ್ನು ಬೆಚ್ಚಗಿಡಿ, ಗೇಟ್ ಸಣ್ಣದಾಗಿದ್ದರೆ ದೊಡ್ಡದು ಮಾಡಿಸಿ. ಸೈಕಲ್ ಟೈಮ್ ಏರುತ್ತದೆ ಅಂತ ಟ್ರೇ ಮಾಡುವ ಮೋಲ್ಡರ್ ಗೊಣಗುತ್ತಾನೆ. ಇದನ್ನು ರೇಟ್ ಮಾತಾಡುವಾಗಲೇ ಹೇಳಿಬಿಡಿ.

ಗ್ರ್ಯಾನ್ಯೂಲನ್ನು 80ರಿಂದ 90 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿಯೇ ಹಾಕಬೇಕು. ಪಿಪಿಯನ್ನು ಯಾರು ಒಣಗಿಸುತ್ತಾರೆ ಅಂತ ಮೋಲ್ಡರ್ ನಗಬಹುದು. ತೇವ ಹಿಡಿಯುವುದು ಪಿಪಿ ಅಲ್ಲ, ಒಳಗಿನ ಕಾರ್ಬನ್. ಒಣಗಿಸದಿದ್ದರೆ ಟ್ರೇ ಮೇಲೆ ಬೆಳ್ಳಿ ಗೆರೆ ಬರುತ್ತದೆ.

ಇನ್ನೊಂದು ಚಾಳಿ ಇದೆ. ಕಾಂಪೌಂಡ್ ದುಬಾರಿ ಅಂತ ಮೋಲ್ಡರ್ ಮೂರು ಮೂಟೆಗೆ ಒಂದು ಮೂಟೆ ನ್ಯಾಚುರಲ್ ಪಿಪಿ ಬೆರೆಸುತ್ತಾನೆ. ನಿಮ್ಮ 20 ಪರ್ಸೆಂಟ್ ಅಲ್ಲಿಗೆ 15 ಆಯಿತು, ಮಾಲು ಇಳಿಜಾರು ಹತ್ತಿ ಆಚೆ ಹೋಯಿತು. ಕಣ್ಣಿಗೆ ಮಾತ್ರ ಅದೇ ಕಡುಕಪ್ಪು. ದೂರು ನಿಮ್ಮ ಬಾಗಿಲಿಗೆ ಬರುತ್ತದೆ.

ದೂರು ಬಂದಾಗ ವಾದಕ್ಕೆ ನಿಲ್ಲದೆ ಆ ಟ್ರೇಯ ಒಂದು ತುಂಡನ್ನು ಕತ್ತರಿಸಿ ತನ್ನಿ. 200 ಡಿಗ್ರಿಯ ಹಾಟ್ ಪ್ರೆಸ್‌ನಲ್ಲಿಟ್ಟು ಕರಗಿಸಿ, ನಿಧಾನವಾಗಿ ಒತ್ತಿ, ನಿಧಾನವಾಗಿ ತಣಿಸಿ ತಟ್ಟೆ ಮಾಡಿ. ನೀವು ತೆಗೆದಿಟ್ಟ ಅದೇ ಲಾಟಿನ ಗ್ರ್ಯಾನ್ಯೂಲಿನಿಂದಲೂ ಹಾಗೇ ಒಂದು ತಟ್ಟೆ ಮಾಡಿ. ಎರಡೂ ಚೆನ್ನಾಗಿ ಓದಿದರೆ ತೊಂದರೆ ಮೋಲ್ಡಿಂಗ್ ಸ್ಪೀಡಿನಲ್ಲಿದೆ, ಮಾಲು ಸರಿಯಿದೆ. ನಿಮ್ಮ ತಟ್ಟೆ ಚೆನ್ನಾಗಿದ್ದು ಟ್ರೇಯದ್ದು ಕೆಟ್ಟಿದ್ದರೆ ಯಾರೋ ಏನೋ ಬೆರೆಸಿದ್ದಾರೆ. ಟ್ರೇ ತುಂಡನ್ನು ಮೈಸೂರಿನ ಸಿಪೆಟ್‌ನಂಥ ಲ್ಯಾಬಿಗೆ ಕಳಿಸಿ ಕಾರ್ಬನ್ ಪರ್ಸೆಂಟ್ ತೆಗೆಸಿದರೆ ಕಾಗದದಲ್ಲೇ ಸಿಕ್ಕಿಬೀಳುತ್ತದೆ. ಎರಡೂ ಕೆಟ್ಟಿದ್ದರೆ ಲಾಟ್ ವಾಪಸ್ ತನ್ನಿ. ಎಸೆಯಬೇಕಿಲ್ಲ. ಕಾರ್ಬನ್ ಜಾಸ್ತಿ ಹಾಕಿದ ಇನ್ನೊಂದು ಬ್ಯಾಚ್ ಮಾಡಿ, ಅದರ ಜೊತೆ ಕರಗಿಸಿ ಬೆರೆಸಿ, ಮತ್ತೆ ಅಳೆದು, ಹೊಸ ಲಾಟ್ ನಂಬರ್ ಹಾಕಿ ಕಳಿಸಿ.